ಐದು ಸಚಿವಾಲಯಗಳ ದ್ರೌಪದಿ

ಭಾರತ ಸರ್ಕಾರದ ಕೆಲಸ ಹಂಚಿಕೆಯನ್ನು ಮೆಚ್ಚಲೇಬೇಕು. ಗಂಡ ಹೊಡೆದರೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ. ಎಚ್‌ಐವಿ ತಗುಲಿದರೆ ಆರೋಗ್ಯ. ಅಮಲಿನ ಚಟ ಬಿಡಿಸುವುದು ಸಾಮಾಜಿಕ ನ್ಯಾಯ. ಚಟಕ್ಕೆ ಜೈಲು ತೋರಿಸುವ 1985ರ ಎನ್‌ಡಿಪಿಎಸ್ ಕಾಯ್ದೆ ಇರುವುದು ಹಣಕಾಸಿನ ಸುಪರ್ದಿನಲ್ಲಿ. ಹಿಡಿಯುವ ನಾರ್ಕೋಟಿಕ್ಸ್ ಬ್ಯೂರೋ ಗೃಹ ಸಚಿವಾಲಯದ್ದು. ಐವರಿದ್ದೂ ಸಭೆಯಲ್ಲಿ ದ್ರೌಪದಿಗೆ ಆದದ್ದೇನೆಂದು ನಮಗೆ ಹೊಸದಾಗಿ ಹೇಳಬೇಕಿಲ್ಲ.

ಪೆಟ್ಟು ತಿಂದು ಬಂದವಳು ಸೂಜಿ ಚುಚ್ಚಿಕೊಳ್ಳುವವಳೆಂದು ಗೊತ್ತಾದರೆ ಎಷ್ಟೋ ಆಸರೆ ಮನೆಗಳಲ್ಲಿ ಜಾಗ ಖಾಲಿ ಇರುವುದಿಲ್ಲ. ವ್ಯಸನಮುಕ್ತಿ ಕೇಂದ್ರಗಳ ಮಂಚಗಳೋ, ಬಹುಪಾಲು ಗಂಡಸರಿಗೇ ಮೀಸಲು. ಮಿಜೋರಾಂನಲ್ಲಿ 2023ರ ಅಂದಾಜಿನಂತೆ ವಯಸ್ಕರಲ್ಲಿ ಶೇ. 2.73 ಮಂದಿಗೆ ಎಚ್‌ಐವಿ. ದೇಶದ ಸರಾಸರಿ ಶೇ. 0.20. ಅಲ್ಲೂ ಮಣಿಪುರದಲ್ಲೂ ಸೋಂಕು ಹಬ್ಬಿದ ಒಂದು ದೊಡ್ಡ ದಾರಿ ಮಾದಕವಸ್ತುವಿನ ಸೂಜಿ. ಸೂಜಿಗೂ ಊಟದ ಪದ್ಧತಿಯೇ: ಮೊದಲು ಅವನು, ಉಳಿದದ್ದು, ಅದೇ ಸಿರಿಂಜಿನಲ್ಲಿ, ಅವಳಿಗೆ.

ಅದು ಈಶಾನ್ಯದ ಕಥೆ ಎಂದು ಕನ್ನಡಿಗರು ಕಾಲು ಚಾಚಿ ಕೂರಬೇಕಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನ ಹಿಂಸೆ ಉಂಡ ವಿವಾಹಿತೆಯರು ಕರ್ನಾಟಕದಲ್ಲಿ ಶೇ. 44. ದೇಶಕ್ಕೇ ಮೊದಲ ಸ್ಥಾನ! ಮಿಕ್ಕ ಸಾಧನೆಗಳಿಗೆಲ್ಲ ಫ್ಲೆಕ್ಸ್ ಕಟ್ಟಿಸುವವರು ಇದೊಂದಕ್ಕೆ ಯಾಕೋ ಸಂಕೋಚಪಟ್ಟರು. ನಮ್ಮಲ್ಲಿ ಸೂಜಿಯೂ ಬೇಡ, ಬಾಟಲಿಯೇ ಸಾಕು. ಕುಡಿದು ಬಂದವನ ಮುಂದೆ ನಿರೋಧ್ ಮಾತೆತ್ತಿದರೆ "ಯಾವನು ಕಲ್ಸಿದ್ನೇ?" ಎಂಬ ಪ್ರಶ್ನೆ, ಉತ್ತರಕ್ಕೆ ಮೊದಲೇ ಕಪಾಳಕ್ಕೆ. ತಪ್ಪದೆ ನಿರೋಧ್ ಬಳಸಿ ಎನ್ನುತ್ತದೆ ಆಸ್ಪತ್ರೆಯ ಗೋಡೆ. ಹದಿನೆಂಟು ತುಂಬಿದ ಹೆಂಡತಿಯನ್ನು ಗಂಡ ಬಲವಂತ ಮಾಡಿದರೆ ಅತ್ಯಾಚಾರವಲ್ಲ ಎನ್ನುತ್ತದೆ ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಮಿನ ವಿನಾಯಿತಿ. 2024ರಲ್ಲಿ ಹಳೆಯ ದಂಡ ಸಂಹಿತೆಯ ಹೆಸರೂ ಕಲಮೂ ಬದಲಾದವು. ಗಂಡನ ಈ ಸವಲತ್ತನ್ನು ಮಾತ್ರ ಯಾರೂ ಕಿತ್ತುಕೊಳ್ಳಲಿಲ್ಲ.

ಬಸುರಿಯಾದಾಗ ಎಚ್‌ಐವಿ ಪರೀಕ್ಷೆಗೆ ಮೊದಲು ರಕ್ತ ಕೊಡುವವಳು ಅವಳು. ಹಾಗಾಗಿ ಕಾಯಿಲೆ ತಂದವಳೂ ಅವಳೇ. "ನಮ್ ಹುಡುಗ ಕಲ್ಲುಗುಂಡಿನ ಹಾಗಿದ್ದ, ಎಲ್ಲಾ ಇವಳ ಕಾಲ್ಗುಣ" ಎನ್ನುತ್ತಾಳೆ ಅತ್ತೆ. ಹುಡುಗ ಇನ್ನೂ ಪರೀಕ್ಷೆ ಮಾಡಿಸಿಲ್ಲ, ಅದಕ್ಕೇ ಕಲ್ಲುಗುಂಡು. ಎಚ್‌ಐವಿಗೆ ಕೊಡುವ ಎಆರ್‌ಟಿ ಮಾತ್ರೆ 2004ರಿಂದ ಪುಕ್ಕಟೆ. ಡಬ್ಬಿ ಅಲುಗಿದರೆ ಸದ್ದಾಗುತ್ತದೆಂದು ಅವಳು ಒಳಗೆ ಹತ್ತಿ ತುರುಕುತ್ತಾಳೆ, ರಾಗಿಹಿಟ್ಟಿನೊಳಗೆ ಹೂತಿಡುತ್ತಾಳೆ. ನಡುರಾತ್ರಿ ಮನೆಯಿಂದ ಹೊರದಬ್ಬಿದಾಗ ರಾಗಿಹಿಟ್ಟು ಒಳಗೇ ಉಳಿಯುತ್ತದೆ. ಆಸ್ಪತ್ರೆಯ ಕಡತಕ್ಕೆ ಇದೆಲ್ಲ ಬೇಕಿಲ್ಲ. "ಮಾತ್ರೆ ತಪ್ಪಿಸಿದ್ದಾರೆ" ಎಂದಷ್ಟೇ ಬರೆದುಕೊಳ್ಳುತ್ತದೆ. ಮೇಲೊಂದು ಆಪ್ತಸಲಹೆ: "ಮುಂದಿನ್ ಸಲ ಯಜಮಾನ್ರನ್ನೂ ಕರ್ಕೊಂಡ್ ಬನ್ನಿ ಅಮ್ಮಾ."

ಹೊಡೆತ, ಅಮಲು, ಏಡ್ಸ್ ಮೂರೂ ಒಂದೇ ಗಂಟು, ಬಿಚ್ಚುವುದಾದರೆ ಒಟ್ಟಿಗೇ ಬಿಚ್ಚಬೇಕೆಂದು ಅಮೆರಿಕದ ಮಾನವಶಾಸ್ತ್ರಜ್ಞ ಮೆರಿಲ್ ಸಿಂಗರ್ 1990ರ ದಶಕದಲ್ಲೇ ವಾದಿಸಿದರು. ನಮ್ಮಲ್ಲಿ ಅದು ಹೊಳೆದಿರುವುದು ಶಾಮಿಯಾನದವನಿಗೆ. ನವೆಂಬರ್ 25 ಮಹಿಳಾ ದೌರ್ಜನ್ಯ ವಿರೋಧಿ ದಿನ, ಡಿಸೆಂಬರ್ 1 ಏಡ್ಸ್ ದಿನ. ನಡುವೆ ಒಂದು ವಾರವೂ ಇಲ್ಲ. ಆತ ಕಂಬ ಕೀಳುವುದಿಲ್ಲ, ಬ್ಯಾನರ್ ಮಾತ್ರ ಬದಲಿಸುತ್ತಾನೆ. ಜೂನ್ 26ರ ಮಾದಕವಸ್ತು ವಿರೋಧಿ ದಿನವನ್ನೂ ಸಾಹೇಬರು ಇತ್ತ ಸರಿಸಿದರೆ ಬಾಡಿಗೆಯಲ್ಲಿ ರಿಯಾಯಿತಿ ಕೊಡುತ್ತಾನಂತೆ, ಕುರ್ಚಿ ಸಮೇತ.