ಎಕ್ಸೆಲ್ ಮೀಮಾಂಸೆ: ಬಹುರೂಪಿ ವಾಹನಶಾಸ್ತ್ರಕ್ಕೊಂದು ಪ್ರವೇಶಿಕೆ

ಪೀಠಿಕೆ: ನಗರ ಸಾರಿಗೆಯ ಭವಿಷ್ಯ ಯಾವುದೆಂದು ಲೋಕದ ಪಂಡಿತರು ಇನ್ನೂ ತಿಣುಕುತ್ತಿದ್ದಾರೆ. 2024ರ ಜನವರಿಯಲ್ಲಿ ಹೀರೋ ಕಂಪನಿ ಜೈಪುರದಲ್ಲಿ ಸರ್ಜ್ ಎಸ್32 ಎಂಬ ವಿದ್ಯುತ್ ವಾಹನವನ್ನು ತೋರಿಸಿತು. ಮೂರು ಚಕ್ರದ ಸರಕು ಗಾಡಿಯ ಒಡಲಿಂದ ಮೂರೇ ನಿಮಿಷದಲ್ಲಿ ಸ್ಕೂಟರೊಂದು ಕಳಚಿಕೊಂಡು ಹೊರಡುತ್ತದೆಂದು ಸಾರಿತು. ಪಂಡಿತರು ತಲೆದೂಗಿದರು. ರೇಷ್ಮೆ ಸೀಮೆಯ ಶಿಡ್ಲಘಟ್ಟ ಮಾತ್ರ ತಿರುಗಿ ನೋಡಲಿಲ್ಲ. ಹಿಂದೆ ಸೊಪ್ಪಿನ ಮೂಟೆ ಅಡ್ಡವಿತ್ತು.

ಲಕ್ಷಣ: ಯಾವುದರ ಹಿಂದಿನ ಸೀಟು ಕಿತ್ತರೆ ಬೆಲೆ ಏರುವುದೋ, ಯಾವುದರ ಮೇಲಿನ ಸರಕು ಮಾತ್ರ ಕಂಡು ಗಾಡಿಯೂ ಸವಾರನೂ ಕಾಣದಾಗುವರೋ, ಅದೇ ಬಹುರೂಪಿ ವಾಹನ. ಕಾಗದದಲ್ಲಿ ಟಿವಿಎಸ್ ಎಕ್ಸೆಲ್ ಮೊಪೆಡ್, ರೂಢಿಯಲ್ಲಿ ‘ಟಿವಿಎಸ್ ಗಾಡಿ’. ಮೂಲಪುರುಷ ಟಿವಿಎಸ್ 50, ಜನನ 1980, ಹೊಸೂರು. ಇದು ಗೌರಿಬಿದನೂರಿನ ಹೊಸೂರೇ ಎಂದು ಸಾಧಿಸುವ ಆಸೆ ನಮಗಿತ್ತು. ಆದರೆ ಅದು ವಿಚಾರವಾದಿ ಡಾ. ಎಚ್. ನರಸಿಂಹಯ್ಯನವರ ಹುಟ್ಟೂರು, ಗಾಡಿಯದು ತಮಿಳುನಾಡಿನ ಹೊಸೂರು.

ರೂಪಭೇದ: ಬೆಳಗಿನ ಜಾವ ಇದು ಕ್ಷೀರರೂಪಿ, ಕ್ಯಾನು ತಗುಲಿಸಿಕೊಂಡು ಡೇರಿಯತ್ತ ಹೊರಡುತ್ತದೆ. ಹೊತ್ತೇರಿದ ಮೇಲೆ ಪತ್ರರೂಪಿ. ಹಿಂದಿನಿಂದ ನೋಡಿದವರಿಗೆ ಹಿಪ್ಪುನೇರಳೆ ತೋಟವೇ ಊರು ಬಿಟ್ಟು ಹೊರಟಂತೆ. ರೇಷ್ಮೆಹುಳು ಹಣ್ಣಾದ ದಿನ, ಅದು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಅಡ್ಡಡ್ಡ ಕಟ್ಟಿಕೊಂಡವನಿಗೆ ಎದುರುಗಾಳಿಯೇ ಬ್ರೇಕು. ಚಿಂತಾಮಣಿಯಲ್ಲಿ ಟೊಮೆಟೊ ಬಾಕ್ಸು, ಚಿಕ್ಕಬಳ್ಳಾಪುರದಲ್ಲಿ ಹೂವಿನ ಮೂಟೆ, ಗೌರಿಬಿದನೂರಿನಲ್ಲಿ ಮುಸುಕಿನ ಜೋಳ. ಸಂಜೆಗೆ ಸಂಸಾರರೂಪಿ: ಮುಂದೆ ನಿಂತ ಮಗು, ಹಿಂದೆ ಹೆಂಡತಿ, ನಡುವೆ ಬೂಸದ ಚೀಲ.

ರೂಪಾಂತರ ತಂತ್ರ: ಹಳೇ ಟ್ಯೂಬು ಸೀಳಿದ ರಬ್ಬರ್ ಪಟ್ಟಿ. ಒಂದು ತುದಿಯನ್ನು ಕ್ಯಾರಿಯರ್‌ಗೆ ಸಿಕ್ಕಿಸಿ, ಮೂಟೆಗೆ ಮಂಡಿ ಕೊಟ್ಟು ಜಗ್ಗಿ, ಎರಡು ಸುತ್ತು ಬಿಗಿದು ಕೊಕ್ಕೆ ಹಾಕಿದರೆ ಆಯಿತು. ಜೈಪುರದ ಮೂರು ನಿಮಿಷ ಇಲ್ಲಿ ಕಾಲಹರಣವೆನಿಸುತ್ತದೆ.

ಪೂರ್ವಪಕ್ಷ: ನರಸಿಂಹಯ್ಯನವರ ಸೀಮೆಯಲ್ಲಿ ಪ್ರಶ್ನಿಸದೆ ಏನನ್ನೂ ಒಪ್ಪುವಂತಿಲ್ಲ. ಆದ್ದರಿಂದ ಆಕ್ಷೇಪ: ಒಂದೇ ಗಾಡಿ ಇಷ್ಟೊಂದು ವೇಷ ಹಾಕುವುದೇಕೆ?

ಉತ್ತರ: ಬೇರೆ ಯಾವುದೂ ಒಂದು ವೇಷವನ್ನೂ ಹಾಕದಿರುವುದರಿಂದ. ಬಸ್ಸಿನ ಬಾಗಿಲಲ್ಲಿ ಚಂದ್ರಿಕೆ ತೂರುವುದಿಲ್ಲ. ಅರ್ಧ ಮೂಟೆ ಸೊಪ್ಪಿಗೆ ಗೂಡ್ಸ್ ಆಟೊ ಬಾಡಿಗೆ ಗಿಟ್ಟುವುದಿಲ್ಲ. ರೈಲು ತೋಟದ ಬದುವಿಗೆ ಬರುವುದಿಲ್ಲ. ಉಳಿದದ್ದು ಈ ಗಾಡಿ, ಮತ್ತು ಮೂಟೆಗೆ ಜಾಗ ಬಿಟ್ಟು ಸೀಟಿನ ತುದಿಗೆ ಜರುಗಿ ಕೂತ ಸವಾರ. ನಿಜವಾಗಿ ಹೊಂದಿಕೊಂಡಿರುವುದು ಅವನ ಸೊಂಟ.

ಸಿದ್ಧಾಂತ: ಸಾರಿಗೆ ವ್ಯವಸ್ಥೆ ಜನಕ್ಕೆ ಹೊಂದಿಕೊಳ್ಳದ ಕಡೆಯಲ್ಲೆಲ್ಲ ಗಾಡಿ ಬಹುರೂಪಿಯಾಗುತ್ತದೆ. ಆದಕಾರಣ ಮುಂದಿನ ಸಂಶೋಧಕರಲ್ಲಿ ಒಂದೇ ವಿನಂತಿ. ಗಾಡಿಗೆ ಹೊಸ ರೂಪ ಹುಡುಕುವ ಮೊದಲು, ಹಳ್ಳಿಯಿಂದ ಗೂಡಿನ ಮಾರುಕಟ್ಟೆಗೆ ಸರಕನ್ನೂ ಹತ್ತಿಸಿಕೊಳ್ಳುವ ಒಂದು ಬಸ್ಸು ಬಿಡಿಸಿಕೊಡಿ.