ಮಾರ್ತಜ್ಜಿಯ ಮುನಿಸಿಗೆ ಒಂದು ಗೇಣು ದಾರ

ನಮ್ಮಲ್ಲಿ ಮಾರ್ಚ್ ಎಂದರೆ ಲೆಕ್ಕ ಮುಗಿಸುವ ತಿಂಗಳು. ಬ್ಯಾಂಕಿನಲ್ಲಿ ಕೂದಲು ಉದುರಿಸಿಕೊಂಡ ನನ್ನಂಥವನಿಗೆ ನಿವೃತ್ತಿಯಾದ ಮೇಲೂ ಆ ಹೆಸರು ಕೇಳಿದರೆ ಎದೆ ಡವಗುಟ್ಟುತ್ತದೆ. ಬಲ್ಗೇರಿಯಾದವರಿಗೆ ಮಾರ್ಚ್ ಎಂದರೆ ಒಬ್ಬ ಮುದುಕಿ. ಹೆಸರು ಬಾಬಾ ಮಾರ್ತಾ. ಬಾಬಾ ಎಂದರೆ ಅಲ್ಲಿ ಅಜ್ಜಿ; ದಯವಿಟ್ಟು ಶಿರಡಿಯ ಕಡೆ ತಿರುಗಿ ಕೈ ಮುಗಿಯಬೇಡಿ. ಈ ಮಾರ್ತಜ್ಜಿಗೆ ದೊಡ್ಡ ಸೆಚ್ಕೊ, ಚಿಕ್ಕ ಸೆಚ್ಕೊ ಎಂದು ಇಬ್ಬರು ಸೋದರರು. ಅಂದರೆ ಜನವರಿ ಮತ್ತು ಫೆಬ್ರವರಿ. ಇಬ್ಬರೂ ಸೇರಿ ಅಕ್ಕತಂಗಿ ಎಂದು ನೋಡದೆ ಅವಳ ಪಾಲಿನ ವೈನನ್ನೂ ಕುಡಿದು ಮುಗಿಸುತ್ತಾರಂತೆ. ಖಾಲಿ ಪೀಪಾಯಿ ಕಂಡಾಗ ಅಜ್ಜಿ ಸಿಡುಕಿ ಹಿಮ ಸುರಿಸುತ್ತಾಳೆ, ಸಿಟ್ಟಿಳಿದರೆ ಬಿಸಿಲು ಬೀರುತ್ತಾಳೆ. ಒಂದೇ ದಿನ ಎರಡೂ ಆಗುವುದುಂಟು. ಹವಾಮಾನ ಇಲಾಖೆಯವರ ಮಾತಿಗಿಂತ ಇದನ್ನು ನಂಬುವುದು ಸುಲಭ.

ಇಂಥವಳನ್ನು ಒಲಿಸಿಕೊಳ್ಳಲು ಆ ಜನ ಕಂಡುಕೊಂಡ ಉಪಾಯ ಉಣ್ಣೆದಾರ. ಮಾರ್ಚ್ 1ರಂದು ಕೆಂಪು, ಬಿಳಿ ಎಳೆಗಳನ್ನು ಹೊಸೆದು ಮಾಡಿದ ಮಾರ್ತೆನಿತ್ಸವನ್ನು ಒಬ್ಬರು ಇನ್ನೊಬ್ಬರ ಮಣಿಕಟ್ಟಿಗೆ ಕಟ್ಟುತ್ತಾರೆ, ಕೋಟಿಗೆ ಸಿಕ್ಕಿಸುತ್ತಾರೆ. ಮಕ್ಕಳಿಗೆ ಸರಿಯೇ ಸರಿ, ಹಳ್ಳಿಗಳಲ್ಲಿ ಕುರಿಮರಿಗೂ ಕರುವಿಗೂ ಹಣ್ಣಿನ ಮರಕ್ಕೂ ಉಂಟು. ಕೆಂಪು ಜೀವಕಳೆಗೆ, ಬಿಳಿ ದೀರ್ಘಾಯುಸ್ಸಿಗೆ, ಎರಡೂ ಸೇರಿದರೆ ದೃಷ್ಟಿ ತಗಲುವುದಿಲ್ಲ. 9ನೇ ಶತಮಾನದಲ್ಲಿ ದೊರೆ ಬೋರಿಸ್ ನಾಡಿಗೆ ನಾಡನ್ನೇ ಕ್ರೈಸ್ತಮತಕ್ಕೆ ತಂದ. ಹಳೆಯ ಪೇಗನ್ ದೇವರುಗಳೆಲ್ಲ ಮೂಲೆ ಸೇರಿದವು, ದಾರ ಮಾತ್ರ ಮಣಿಕಟ್ಟು ಬಿಡಲಿಲ್ಲ. ಅದಕ್ಕೊಂದು ರಾಜವಂಶದ ಕಥೆಯನ್ನೂ ಹೊಂದಿಸಿದ್ದಾರೆ. 681ರಲ್ಲಿ ರಾಜ್ಯ ಕಟ್ಟಿದ ಅಸ್ಪಾರುಖ್, ಹಕ್ಕಿಯ ಕಾಲಿಗೆ ಬಿಳಿದಾರ ಕಟ್ಟಿ ಸುದ್ದಿ ಕಳಿಸಿದನಂತೆ. ದಾರಿಯಲ್ಲಿ ಹಕ್ಕಿಗೆ ಬಾಣ ತಾಗಿ ದಾರದ ಒಂದು ಪಾಲು ಕೆಂಪಾಯಿತಂತೆ. ಕಥೆ ಸೊಗಸಾಗಿದೆ. ಆದರೆ ರುಮೇನಿಯಾ, ಮಾಲ್ಡೋವಾ, ಉತ್ತರ ಮ್ಯಾಸಿಡೋನಿಯಾದವರೂ ಅಸ್ಪಾರುಖನ ಹಂಗಿಲ್ಲದೆ ಇದೇ ದಾರ ಕಟ್ಟಿಕೊಳ್ಳುವುದನ್ನು ನೋಡಿದರೆ ದಾರ ದೊರೆಗಿಂತ ಹಿರಿಯದೆಂದೇ ನನ್ನ ಗುಮಾನಿ. 2017ರಲ್ಲಿ ಯುನೆಸ್ಕೊದವರು ಜಾಣತನ ಮಾಡಿದರು. ನಾಲ್ಕೂ ದೇಶಗಳ ಹೆಸರನ್ನು ಒಟ್ಟಿಗೇ ಬರೆದು ತಮ್ಮ ಪರಂಪರೆಯ ಪಟ್ಟಿಗೆ ಸೇರಿಸಿ, ಜಗಳಕ್ಕೆ ಆಸ್ಪದವಿಲ್ಲದಂತೆ ಮಾಡಿಬಿಟ್ಟರು.

ಇಷ್ಟೆಲ್ಲ ನನಗೆ ಗೊತ್ತಾದದ್ದು ಸೋಫಿಯಾದಲ್ಲಿ ಕೆಲಸಕ್ಕಿರುವ ಮಗಳ ಮನೆಗೆ ಹೋದಾಗ. ಫೆಬ್ರವರಿ ಮುಗಿಯುವ ಹೊತ್ತಿಗೆ ಎದುರು ಮನೆಯ ಹಿರಿಯಾಕೆ ಒಂದು ಚೀಲ ಉಣ್ಣೆಯೊಂದಿಗೆ ಬಂದು ನಮ್ಮ ಊಟದ ಮೇಜಿನ ಮುಂದೆ ಕೂತರು. ಅವರಿಗೆ ಕನ್ನಡ ಬಾರದು, ನನ್ನವಳಿಗೆ ಬಲ್ಗೇರಿಯನ್ ಬಾರದು. ಆದರೆ ಕೆಂಪು, ಬಿಳಿ ಕಂಡ ಕೂಡಲೇ ನನ್ನವಳ ಬೆರಳುಗಳು ಚುರುಕಾದವು. ಹಬ್ಬ ಹಬ್ಬಕ್ಕೂ ಅರಳೆ ಎಳೆದು, ಕುಂಕುಮ ಹಚ್ಚಿ ಗೆಜ್ಜೆವಸ್ತ್ರ ಮಾಡಿ ಪಳಗಿದ ಕೈ ಅದು. ಈ ಮಾರ್ತೆನಿತ್ಸವೂ ಅದರ ದೂರದ ನೆಂಟನ ಹಾಗೇ ಇತ್ತು.

ಕೆಲಸ ಸುಲಭ. ಎರಡು ಬಣ್ಣದ ಎಳೆಗಳನ್ನು ಜೋಡಿಸಿ ತುದಿಗಳಿಗೆ ಗಂಟು ಹಾಕಬೇಕು. ಒಂದು ತುದಿಯನ್ನು ಒಬ್ಬರು ಅಲುಗಾಡದೆ ಹಿಡಿದಿರಬೇಕು, ಇನ್ನೊಬ್ಬರು ಬಲಕ್ಕೆ ಹುರಿ ಹಾಕುತ್ತ ಹೋಗಬೇಕು. ದಾರ ಬಿಗಿದು, ಸ್ವಲ್ಪ ಸಡಿಲಿಸಿದರೂ ಸುರುಳಿಯಾಗುವ ಹದಕ್ಕೆ ಬಂದಾಗ ನಡುವೆ ಬೆರಳಿಟ್ಟು ಎರಡೂ ತುದಿ ಕೂಡಿಸಿ, ಬೆರಳು ತೆಗೆದುಬಿಟ್ಟರೆ ಆಯಿತು. ದಾರ ತನ್ನಷ್ಟಕ್ಕೆ ತಾನೇ ಸುತ್ತಿಕೊಂಡು ಕೆಂಪು-ಬಿಳಿ ಹುರಿಯಾಗಿ ನಿಲ್ಲುತ್ತದೆ. ಒಂಟಿಯಾಗಿ ಮಾಡಲಾಗದು ಎಂದಲ್ಲ, ಬಾಗಿಲ ಹಿಡಿಕೆಗೆ ಕಟ್ಟಿಕೊಂಡೂ ಮಾಡಬಹುದು. ಆದರೆ ಹಿಡಿಕೆಗೆ ಬದಲಾಗಿ ನಾನಿದ್ದೆನಲ್ಲ. ನನಗೆ ಗೂಟದ ಕೆಲಸ ಕೊಟ್ಟರು. ಮದುವೆಯಾದಂದಿನಿಂದ ಅಭ್ಯಾಸವಿದ್ದುದರಿಂದ ಚೆನ್ನಾಗಿಯೇ ನಿಭಾಯಿಸಿದೆ.

ಕಷ್ಟ ಬಂದದ್ದು ಕುಚ್ಚಿನಲ್ಲಿ. ಬಲ್ಗೇರಿಯಾದಲ್ಲಿ ‘ಹೌದು’ ಎನ್ನಲು ತಲೆಯನ್ನು ಅತ್ತಿತ್ತ ಆಡಿಸುತ್ತಾರೆ, ‘ಇಲ್ಲ’ ಎನ್ನಲು ಮೇಲಕ್ಕೆತ್ತುತ್ತಾರೆ. ಮಗಳು ಇದೊಂದನ್ನು ಹೇಳಿ ಆಫೀಸಿಗೆ ಹೋಗಿದ್ದರೆ ಚೆನ್ನಾಗಿತ್ತು. ನನ್ನವಳು ಅಚ್ಚುಕಟ್ಟಾದ ಕುಚ್ಚು ಕಟ್ಟಿ ತೋರಿಸಿದಳು. ಆ ತಾಯಿ ಮೆಚ್ಚಿ ತಲೆಯನ್ನು ಅತ್ತಿತ್ತ ಆಡಿಸಿದರು. ಇವಳು ಬಿಚ್ಚಿದಳು. ಇನ್ನೂ ನುಣುಪಾಗಿ ಕಟ್ಟಿ ತೋರಿಸಿದಳು. ಅವರು ಇನ್ನೂ ಜೋರಾಗಿ ಆಡಿಸಿದರು. ಇವಳು ಅದನ್ನೂ ಬಿಚ್ಚಿದಳು.

“ಏನ್ರೀ, ಈಯಮ್ಮಂಗೆ ಯಾವ್ದೂ ಒಪ್ಪಿಗೆನೇ ಆಗಲ್ವಲ್ಲ! ನಿಮ್ಮಮ್ಮನೇ ವಾಸಿ.”

ನಮ್ಮಮ್ಮನಿಗೆ ಇಂಥ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು, ಅದೂ ತೀರಿಕೊಂಡ ಮೇಲೆ. ಕಡೆಗೆ ಆ ತಾಯಿಯೇ ಕಂಗಾಲಾಗಿ, ಮುಂದಿನ ಕುಚ್ಚನ್ನು ಇವಳ ಕೈಯಿಂದ ಕಸಿದು ಏಪ್ರನ್ ಜೇಬಿನಲ್ಲಿ ಭದ್ರ ಮಾಡಿಕೊಂಡರು.

ಆಮೇಲೆ ಗೊಂಬೆಗಳು. ಅಂಗೈಯಗಲದ ರಟ್ಟಿಗೆ ಉಣ್ಣೆ ಸುತ್ತಿ, ಮೇಲ್ತುದಿ ಬಿಗಿದು, ಕೆಳಗೆ ಕತ್ತರಿಸಿ ರಟ್ಟು ತೆಗೆಯುವುದು. ಕತ್ತಿನ ಜಾಗಕ್ಕೊಂದು ಕಟ್ಟು ಹಾಕಿದರೆ ತಲೆ, ನಡುವಿಗೊಂದು ಕಟ್ಟು, ಪಕ್ಕಕ್ಕೆಳೆದ ಎಳೆಗಳು ತೋಳು. ಬಿಳಿಯದು ಪಿಝೊ, ಗಂಡು. ಕೆಂಪಿನದು ಪೆಂಡಾ, ಹೆಣ್ಣು. ಸೊಂಟದ ಕೆಳಗಿನ ಉಣ್ಣೆಯನ್ನು ಹಾಗೇ ಬಿಟ್ಟರೆ ಲಂಗ, ಎರಡು ಪಾಲು ಮಾಡಿ ಕಟ್ಟಿದರೆ ಷರಾಯಿ. ಗಂಡಿಗೂ ಹೆಣ್ಣಿಗೂ ಇಷ್ಟೇ ವ್ಯತ್ಯಾಸ. ಇಬ್ಬರನ್ನೂ ಒಂದೇ ಹುರಿಯ ಎರಡು ತುದಿಗೆ ಕಟ್ಟುವುದರಿಂದ ಯಾರೂ ಓಡಿಹೋಗುವಂತಿಲ್ಲ. ಪೇಟೆಯ ಬಂಡಿಗಳಲ್ಲಿ ಇದೇ ಜೋಡಿಗೆ ಪ್ಲಾಸ್ಟಿಕ್ ಮಣಿ, ಮಿಂಚಿನ ಪುಡಿ, ಕಾರ್ಟೂನಿನ ಮುಖ ಎಲ್ಲ ಅಂಟಿಸಿ ಮಾರುತ್ತಾರೆ. ಎರಡು ಬಣ್ಣದ ಉಣ್ಣೆಯಿಂದ ಮಾಡಲಾಗದ್ದೇನನ್ನೂ ಆ ಮಿಂಚು ಮಾಡಿದ್ದು ನನಗೆ ಕಾಣಲಿಲ್ಲ.

ಮಾರ್ತಜ್ಜಿಯ ಹೆಸರಿನಲ್ಲಿ ಇನ್ನೊಂದು ಆಟವುಂಟು. ಮಾರ್ಚ್‌ನ ಒಂದು ದಿನವನ್ನು ಮೊದಲೇ ಆರಿಸಿಕೊಳ್ಳಬೇಕು. ಆ ದಿನದ ಹವೆ ಹೇಗೋ ಆರಿಸಿದವರ ಗುಣವೂ ಹಾಗೆ. ನನ್ನವಳ ದಿನ ಬಿಸಿಲು ಫಳಫಳ. ನನ್ನ ದಿನ ಬೆಳಿಗ್ಗೆ ಮೋಡ, ಮಧ್ಯಾಹ್ನ ಗಾಳಿ, ಸಂಜೆ ಮಳೆಯೂ ಅಲ್ಲದ ಹಿಮವೂ ಅಲ್ಲದ ಎಂಥದೋ ಒಂದು. ಮನೆಯಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ.

ಕಟ್ಟಿದ ದಾರವನ್ನು ಕೊಕ್ಕರೆಯೋ ಕವಲುತೋಕೆಯೋ ಕಾಣುವವರೆಗೆ, ಇಲ್ಲವೇ ಮರವೊಂದು ಹೂ ಬಿಡುವವರೆಗೆ ಬಿಚ್ಚುವಂತಿಲ್ಲ. ಕಂಡ ಮೇಲೆ ಮರದ ಕೊಂಬೆಗೆ ಕಟ್ಟುತ್ತಾರೆ; ಕೆಲವರು ಕಲ್ಲಿನಡಿ ಇಟ್ಟು, ಆಮೇಲೆ ಅಲ್ಲಿ ಸೇರಿದ ಹುಳುಹುಪ್ಪಟೆ ನೋಡಿ ವರ್ಷದ ಭವಿಷ್ಯ ಹೇಳುತ್ತಾರೆ. ಆಫ್ರಿಕಾದಲ್ಲಿ ಚಳಿಗಾಲ ಕಳೆದು ಬರುವ ಕೊಕ್ಕರೆಗೆ ಕಾಯುವುದು ನಮಗೇನೂ ಹೊಸದಲ್ಲ. ನಮ್ಮೂರು ಮದ್ದೂರಿನ ಕಡೆ. ಹತ್ತಿರದ ಕೊಕ್ಕರೆ ಬೆಳ್ಳೂರಿನಲ್ಲಿ ಗೂಡು ಕಟ್ಟಲು ಬರುವ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಜನ ನೋಡಿಕೊಳ್ಳುತ್ತಾರೆ. ಸೋಫಿಯಾದ ಬಸ್‌ಸ್ಟಾಪಿಗೆ ಕೊಕ್ಕರೆ ಬರುವ ಲಕ್ಷಣ ಕಾಣದ್ದರಿಂದ ನನ್ನವಳು ಹಿತ್ತಲಿನ ಪ್ಲಮ್ ಮರದ ಮೇಲೆ ಕಣ್ಣಿಟ್ಟಳು. ಅದು ಅರಳುವಷ್ಟರಲ್ಲಿ ಅದರ ಕೆಳಗಿನ ಕೊಂಬೆಗಳನ್ನೆಲ್ಲ ಮಕ್ಕಳು ಆಗಲೇ ಹಂಚಿಕೊಂಡಿದ್ದರು. ನಮ್ಮ ದಾರಕ್ಕೆ ಕುರ್ಚಿ ಹಾಕಿ ಹತ್ತಬೇಕಾಯಿತು. ಕುರ್ಚಿ ಹಿಡಿದವನು ಯಾರೆಂದು ಹೇಳಬೇಕಾಗಿಲ್ಲ.

ನೀವೂ ಮಾಡಿ ನೋಡುವುದಾದರೆ ಅಪ್ಪಟ ಉಣ್ಣೆಯನ್ನೋ ಹತ್ತಿದಾರವನ್ನೋ ತನ್ನಿ, ನೈಲಾನ್ ಬೇಡ. ಕೊಂಬೆಗೆ ಸಡಿಲವಾಗಿ ಕಟ್ಟಿ, ಮರ ದಪ್ಪವಾಗಬೇಕಲ್ಲ. ಇನ್ನು ಗೂಟದ ಕೆಲಸಕ್ಕೆ ಮನೆಯ ಯಜಮಾನರನ್ನು ಕರೆಯಿರಿ. ಬ್ಯಾಂಕಿನಿಂದ ನಿವೃತ್ತರಾದವರಾದರೆ ಮಾರ್ಚ್‌ನಲ್ಲಿ ಪೂರ್ತಿ ಬಿಡುವಾಗಿರುತ್ತಾರೆ.