ಆಪದ್ಬಂಧನ ಮೀಮಾಂಸೆ

ಶಾಸ್ತ್ರಗ್ರಂಥವನ್ನು ರಚಿಸಹೊರಟವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ಮೊದಲಿಗೇ ಅರುಹಿಬಿಡಬೇಕೆಂಬುದು ಪೂರ್ವಾಚಾರ್ಯರ ಕಟ್ಟಳೆಯಾಗಿರುವುದರಿಂದ, ನಾನೂ ಆ ಕಟ್ಟಳೆಗೆ ತಲೆಬಾಗಿ ನಿವೇದಿಸುತ್ತೇನೆ: ಈ ಪ್ರಬಂಧದ ವಿಷಯವು ಜಿಪ್ ಟೈ ಎಂದೂ ಕೇಬಲ್ ಟೈ ಎಂದೂ ಪ್ರಸಿದ್ಧವಾದ, ವೈರಿಂಗ್ ಕೆಲಸದವರು ಬರಿದೆ ‘ಟ್ಯಾಗು’ ಎಂದು ಕರೆದು ಮುಗಿಸುವ ನೈಲಾನ್ ಪಟ್ಟಿ, ಪ್ರಯೋಜನವು ಆಪತ್ಕಾಲದಲ್ಲಿ ಪ್ರಾಣಮಾನಗಳ ಸಂರಕ್ಷಣೆ, ಸಂಬಂಧವು ಬಿಗಿಯಾದುದು, ಅಧಿಕಾರಿಯು ಬೇಲೂರು ತಾಲ್ಲೂಕಿನ ಮಾದಿಹಳ್ಳಿ ಹೋಬಳಿಯಲ್ಲಿ ಒಂದು ಬೋರ್‌ವೆಲ್ಲು, ಹತ್ತಾರು ತೆಂಗಿನ ಮರ ಮತ್ತು ಒಂದು ಹಳೆಯ ಬೈಕನ್ನು ಹೊಂದಿದ, ಆದ್ದರಿಂದ ನಿತ್ಯವೂ ಆಪತ್ತಿನಲ್ಲಿಯೇ ಇರುವ, ಯಾವನಾದರೂ ಗೃಹಸ್ಥನು.

ಇನ್ನು ಲಕ್ಷಣ. ‘ತನ್ನ ಬಾಲವನ್ನು ನುಂಗಿ ಮತ್ತೆ ಉಗುಳದಿರುವಿಕೆಯೇ ಟ್ಯಾಗುತ್ವ’ ಎಂದು ನಾವು ಹೇಳುತ್ತೇವೆ. ಈ ಲಕ್ಷಣದಲ್ಲಿ ‘ತನ್ನ’ ಎಂಬ ಪದವನ್ನು ಬಿಟ್ಟರೆ, ಸುಗ್ಗಿಗೆ ಕೊಡುತ್ತೇನೆಂದು ಕೈಗಡ ಪಡೆದ ನೆಂಟನಲ್ಲಿ ಅತಿವ್ಯಾಪ್ತಿ ತಲೆದೋರುತ್ತದೆ. ಏಕೆಂದರೆ ಅವನೂ ನುಂಗಿದುದನ್ನು ಉಗುಳುವವನಲ್ಲ. ಆದರೆ ಅವನು ನುಂಗುವುದು ಪರರದನ್ನಾದುದರಿಂದ ‘ತನ್ನ’ ಎಂಬ ವಿಶೇಷಣದಿಂದ ಅವನ ನಿವಾರಣೆಯಾಗುತ್ತದೆ. ತರ್ಕಶಾಸ್ತ್ರದಲ್ಲಿ ಮಾತ್ರ, ಮನೆಬಾಗಿಲಿನಲ್ಲಲ್ಲ.

ಈ ವಸ್ತುವಿನ ಉತ್ಪತ್ತಿಯ ವಿಚಾರದಲ್ಲಿ ಎರಡು ಪಕ್ಷಗಳಿವೆ. ಪಾಶ್ಚಾತ್ಯರ ಪ್ರಕಾರ, ಥಾಮಸ್ ಅಂಡ್ ಬೆಟ್ಸ್ ಎಂಬ ಅಮೆರಿಕದ ಸಂಸ್ಥೆಯಲ್ಲಿದ್ದ ಮಾರಸ್ ಲೋಗನ್ ಎಂಬಾತನು 1956ರಲ್ಲಿ ಬೋಯಿಂಗ್ ವಿಮಾನದ ಕಾರ್ಖಾನೆಯನ್ನು ನೋಡಲು ಹೋಗಿ, ವಿಮಾನದೊಡಲಿನ ಸಾವಿರಾರು ತಂತಿಗಳನ್ನು ಕೆಲಸಗಾರರು ಮೇಣ ಸವರಿದ ನೈಲಾನ್ ದಾರದಿಂದ ಒಂದೊಂದಾಗಿ ಗಂಟುಹಾಕುತ್ತಿದ್ದ ಪ್ರಯಾಸವನ್ನು ಕಂಡು ಮರುಗಿ, 1958ರಲ್ಲಿ ಈ ಪಟ್ಟಿಗೆ ಪೇಟೆಂಟು ಬೇಡಿದನು. ನಮ್ಮವರ ಪಕ್ಷವು ಇದಕ್ಕಿಂತ ಪ್ರಾಚೀನವಾದುದು. ಬಾಲಕೃಷ್ಣನನ್ನು ಒರಳಿಗೆ ಕಟ್ಟಹೊರಟ ಯಶೋದೆಗೆ ಎಷ್ಟು ಹಗ್ಗವನ್ನು ಸೇರಿಸಿದರೂ ಎರಡಂಗುಲ ಕಡಮೆಯೇ ಬೀಳುತ್ತಿತ್ತೆಂದು ಭಾಗವತವು ಹೇಳುತ್ತದಲ್ಲವೆ. ಒಂದರ ಬಾಲವನ್ನು ಇನ್ನೊಂದರ ತಲೆಗೆ ತೂರಿಸಿ ಎಷ್ಟುದ್ದಕ್ಕೆ ಬೇಕಾದರೂ ಬೆಳೆಸಬಹುದಾದ ಈ ಪಟ್ಟಿಯ ಆವಶ್ಯಕತೆಯನ್ನು ವ್ಯಾಸರು ಅಲ್ಲಿಯೇ ಸೂಚಿಸಿದ್ದಾರೆ. ಹಾಗೆಯೇ ಬ್ರಹ್ಮಾಸ್ತ್ರದಿಂದ ಬದ್ಧನಾಗಿದ್ದ ಹನುಮಂತನನ್ನು ರಾಕ್ಷಸರು ಅಷ್ಟಕ್ಕೆ ತೃಪ್ತರಾಗದೆ ನಾರುಹಗ್ಗಗಳಿಂದಲೂ ಬಿಗಿಯಲಾಗಿ, ಅನ್ಯಬಂಧನವನ್ನು ಸಹಿಸದ ಅಸ್ತ್ರವು ಆ ಕ್ಷಣವೇ ತೊಲಗಿಹೋಯಿತೆಂಬ ವಾಲ್ಮೀಕಿಯ ಮಾತು, ಟ್ಯಾಗು ಹಾಕಿದ ಮೇಲೆ ನಂಬಿಕೆ ಸಾಲದೆ ಸುತಳಿಯನ್ನೂ ಸುತ್ತುವ ನಮ್ಮ ಜನರಿಗೆ ಹೇಳಿದುದೆಂದೇ ತೋರುತ್ತದೆ. ಹಳೇಬೀಡಿನ ಹೊಯ್ಸಳೇಶ್ವರದ ಭಿತ್ತಿಯಲ್ಲಿ ದೇವತೆಗಳ ನಡುವಿಗೆ ಬಿಗಿದಿರುವ ಕಟಿಸೂತ್ರಗಳನ್ನೆಲ್ಲ ಇದೇ ವಸ್ತುವೆಂದು ಸಾಧಿಸುವ ವಿದ್ವಾಂಸರು ಇನ್ನೂ ಹುಟ್ಟಿಲ್ಲ. ಹುಟ್ಟುವ ಕಾಲ ದೂರವಿಲ್ಲ.

ಟ್ಯಾಗು ಮೊದಲಾದುವನ್ನು ಆಪತ್ಕಾಲಕ್ಕೆಂದು ತುಂಬಿಡುವ ಆಪತ್ಪೆಟ್ಟಿಗೆಯ ಬಗೆಗೆ ಗ್ರಂಥ ಬರೆದ ಪರದೇಶದ ಆಚಾರ್ಯರು ಆಪತ್ತೆಂದರೆ ಹಿಮಪಾತ, ನಿರ್ಜನಾರಣ್ಯ, ಮುರಿದ ಮೂಳೆ ಎಂದು ಲೆಕ್ಕಹಾಕುತ್ತಾರೆ. ಟ್ಯಾಗಿನಿಂದ ಕೊಂಬೆಗಳನ್ನು ಜೋಡಿಸಿ ಗುಡಿಸಲು ಕಟ್ಟಿಕೊಳ್ಳಬೇಕೆಂದು ಬೋಧಿಸುತ್ತಾರೆ. ಮಾದಿಹಳ್ಳಿಯ ಸುತ್ತಿನಲ್ಲಿ ದಾರಿ ತಪ್ಪಿದವನು ಗುಡಿಸಲು ಕಟ್ಟುವುದಿಲ್ಲ. ಮುಂದಿನ ಹೊಲದವರನ್ನು ಕೇಳುತ್ತಾನೆ, ಅವರು ಮೊದಲು ಯಾರ ಪೈಕಿ ಎಂದು ವಿಚಾರಿಸಿ, ಕಾಫಿ ಕೊಟ್ಟು, ಅನಂತರ ದಾರಿ ತೋರಿಸುತ್ತಾರೆ. ಇಲ್ಲಿನ ಆಪತ್ತುಗಳು ಬೇರೆ. ಡೈರಿಗೆ ಹೊರಟ ಬೈಕಿನ ಮಡ್‌ಗಾರ್ಡು ಕಳಚಿ ಟೈರಿಗೆ ಉಜ್ಜುವುದು, ಹಾಲಿನ ಕ್ಯಾನು ಓಲಾಡುವುದು, ಗಾಳಿಮಳೆಗೆ ಟಾರ್ಪಾಲು ಹಾರುವುದು, ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲು ಬಾಯಿ ಬಿಡುವುದು, ಬೇಲಿಯ ತಂತಿ ಗೂಟದಿಂದ ಬಿಟ್ಟುಕೊಂಡು ನೆರೆಮನೆಯ ಎಮ್ಮೆಗೂ ನೆರೆಮನೆಯವರ ಸ್ನೇಹಕ್ಕೂ ಏಕಕಾಲದಲ್ಲಿ ಬಾಧಕವಾಗುವುದು: ಇವೆಲ್ಲವೂ ಸಡಿಲವಾದುದರಿಂದ ಬಂದ ದುಃಖಗಳು. ಕತ್ತಾಳೆಯ ನಾರೂ ತೆಂಗಿನ ಹುರಿಯೂ ಶತಮಾನಗಳಿಂದ ಮಾಡುತ್ತಿದ್ದ ಈ ಕಾರ್ಯವನ್ನು ಟ್ಯಾಗು ನಿಮಿಷದೊಳಗೆ, ‘ಕಿರ್’ ಎಂಬ ಒಂದು ಸದ್ದಿನೊಡನೆ ಮಾಡಿಬಿಡುತ್ತದೆ. ಅದರ ತಲೆಯೊಳಗೆ ಅಡಗಿರುವ ಸಣ್ಣ ನಾಲಗೆಯು ಪಟ್ಟಿಯ ಹಲ್ಲುಗಳನ್ನು ಮುಂದಕ್ಕೆ ಬಿಡುತ್ತದೆಯೇ ಹೊರತು ಹಿಂದಕ್ಕೆ ಬಿಡುವುದಿಲ್ಲ.

‘ಆನೆ ಬಂದರೆ?’ ಎಂದು ಪೂರ್ವಪಕ್ಷಿಯು ಆಕ್ಷೇಪಿಸುತ್ತಾನೆ. ಬೇಲೂರು ತಾಲ್ಲೂಕಿನ ರೈತರ ಪಾಲಿಗೆ ಇದು ಪರಿಹಾಸದ ಪ್ರಶ್ನೆಯಲ್ಲ. ಗದ್ದೆ ತೋಟಗಳಿಗೆ ನುಗ್ಗುವ ಕಾಡಾನೆಗಳ ಭಯದಿಂದ ರಾತ್ರಿಯ ನಿದ್ದೆಯನ್ನೇ ಬಿಟ್ಟವರು ಅಲ್ಲಿದ್ದಾರೆ. ಆದರೂ ಶಾಸ್ತ್ರವು ಉತ್ತರಿಸಲೇಬೇಕು. 4.8 ಮಿ.ಮೀ. ಅಗಲದ ಸಾಧಾರಣ ಟ್ಯಾಗು ಸುಮಾರು 22 ಕಿಲೋಗ್ರಾಮಿನ ಸೆಳೆತವನ್ನು ತಾಳಬಲ್ಲುದು. ಗಂಡಾನೆಯ ತೂಕವನ್ನು 4,000 ಕಿಲೋಗ್ರಾಮೆಂದು ಹಿಡಿದರೆ 182 ಟ್ಯಾಗುಗಳು ಬೇಕು. ನೂರರ ಪ್ಯಾಕೆಟ್ಟು ಎರಡು ಕೊಂಡಲ್ಲಿ ಹದಿನೆಂಟು ಮಿಗುತ್ತವೆ. ಹೀಗೆ ಗಣಿತದಿಂದ ಪ್ರಶ್ನೆಯು ನಿಶ್ಶೇಷವಾಗಿ ಪರಿಹೃತವಾಯಿತು. ಆನೆಯ ಸಮ್ಮತಿಯನ್ನು ಪಡೆಯುವ ಬಗೆಯು ಪಶುಶಾಸ್ತ್ರಕ್ಕೆ ಸೇರಿದುದು.

ನಿಷೇಧಗಳಲ್ಲಿ ಒಂದನ್ನು ಮಾತ್ರ ಹಾಸ್ಯವನ್ನು ಬದಿಗಿಟ್ಟು ಹೇಳತಕ್ಕದ್ದು. ಹಾವು ಕಚ್ಚಿದ ಕೈಕಾಲಿಗೆ ಬಿಗಿಯಾಗಿ ಕಟ್ಟು ಹಾಕುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ಅದು ಹಗ್ಗದಿಂದಲೇ ಕೇಡು, ಟ್ಯಾಗಿನಿಂದ ಮಹಾಕೇಡು; ಊತವು ಏರುತ್ತ ಹೋದಂತೆ ಪಟ್ಟಿಯು ಒಂದು ಹಲ್ಲೂ ಸಡಿಲಿಸದೆ ರಕ್ತದ ಓಡಾಟವನ್ನೇ ನಿಲ್ಲಿಸಿ ಅವಯವವನ್ನು ಕೊಲ್ಲುತ್ತದೆ. ಕಚ್ಚಿದ ಅಂಗವನ್ನು ಅಲುಗಿಸದೆ, ಪ್ರತಿವಿಷದ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಕೂಡಲೇ ಒಯ್ಯುವುದೇ ಸರಿ. ಎರಡನೆಯ ನಿಷೇಧವು ವರ್ಣಕ್ಕೆ ಸಂಬಂಧಿಸಿದುದು: ಬಿಳಿಯ ಟ್ಯಾಗು ಬಿಸಿಲಿನಲ್ಲಿ ಬಿದ್ದಿದ್ದರೆ ಕಾಲಕ್ರಮದಲ್ಲಿ ಒಣಗಿದ ಸೋಗೆಯಂತೆ ಪಟಕ್ಕೆಂದು ಮುರಿಯುತ್ತದೆ, ಇಂಗಾಲದ ಕಪ್ಪನ್ನು ಬೆರೆಸಿದ ಕರಿಯ ಟ್ಯಾಗು ಸೂರ್ಯನಿಗೆ ಹೆಚ್ಚುಕಾಲ ಎದುರು ನಿಲ್ಲುತ್ತದೆ. ಬಿಳಿಯದೇ ಲಕ್ಷಣವೆಂದು ನಂಬಿ ಕೊಳ್ಳುವ ಜನರು ಇದನ್ನು ವಧೂಪರೀಕ್ಷೆಯ ಸಂದರ್ಭದಲ್ಲಿಯೂ ನೆನೆಯಬಹುದು.

ಸಡಿಲವಾದುದಕ್ಕೆ ಪರಿಹಾರವಾದ ಈ ವಸ್ತುವು ಬಿಚ್ಚಲಾರದುದರಿಂದ ಬರುವ ದುಃಖವನ್ನು ತಾನೇ ಹೊಸದಾಗಿ ಸೃಷ್ಟಿಸುತ್ತದೆಂಬುದನ್ನು ಆಪತ್ಪೆಟ್ಟಿಗೆಯ ಆಚಾರ್ಯರು ಮರೆತಿರುವರು. ಬಂಧವನ್ನು ಹೇಳಿ ಮೋಕ್ಷವನ್ನು ಹೇಳದ ದರ್ಶನ ಅದು. ದೃಷ್ಟಾಂತವೊಂದುಂಟು. ಬೆಂಗಳೂರಿನಲ್ಲಿ ಉದ್ಯೋಗಸ್ಥನಾದ ಮೊಮ್ಮಗನೊಬ್ಬನು ಮಾದಿಹಳ್ಳಿ ಕಡೆಯ ತನ್ನ ಅಜ್ಜಿಯ ಕ್ಷೇಮಕ್ಕಾಗಿ ಟಾರ್ಚು, ಸೀಟಿ, ಬ್ಯಾಂಡೇಜು, ಕತ್ತರಿ ಮೊದಲಾದುವನ್ನು ಒಂದು ಡಬ್ಬಿಯಲ್ಲಿ ತುಂಬಿ, ಎರಡನ್ನುಳಿದು ಮಿಕ್ಕ ಟ್ಯಾಗುಗಳನ್ನು ಕೂಡ ಡಬ್ಬಿಯೊಳಗೇ ಇಟ್ಟು, ಮುಚ್ಚಳವು ಬಿಚ್ಚಿಕೊಳ್ಳದಿರಲೆಂದು ಆ ಎರಡರಿಂದ ಬಿಗಿದು ತಂದಿದ್ದನು. ಅಂದಿನ ರಾತ್ರಿಯೇ ಮಳೆ ಬಂದು ಕರೆಂಟು ಹೋಯಿತು. ಟಾರ್ಚು ಒಳಗೆ, ಕತ್ತರಿಯೂ ಒಳಗೆ.

‘ಅಜ್ಜಿ, ಮಚ್ಚು ಎಲ್ಲೈತೆ?’

‘ಈ ಕತ್ತಲಲ್ಲಿ ಮಚ್ಚು ಯಾಕ್ ಮಗಾ, ಕೈ ಗಿಯ್ ಕುಯ್ಕಂಡೀಯ. ತಾ ಇಲ್ಲಿ.’

ಮುದುಕಿಯು ಡಬ್ಬಿಯನ್ನು ಮಡಿಲಿಗೆಳೆದುಕೊಂಡು, ಬಳೆಗೆ ಸಿಕ್ಕಿಸಿದ್ದ ಪಿನ್ನನ್ನು ತೆಗೆದು, ಹೆಬ್ಬೆರಳಿನಿಂದ ತಡವಿ ಟ್ಯಾಗಿನ ತಲೆಯ ಕಿಂಡಿಯನ್ನು ಗುರುತಿಸಿ, ಪಿನ್ನಿನ ಮೊನೆಯನ್ನು ಒಳಗಿನ ನಾಲಗೆಯಡಿಗೆ ತೂರಿಸಿ ತುಸುವೇ ಮೀಟಿದಳು. ಪಟ್ಟಿಯು ಹಲ್ಲುಹಲ್ಲಾಗಿ ಹಿಂದಕ್ಕೆ ಸರಿದು ಕೈಗೆ ಬಂತು, ಎರಡನೆಯದೂ ಹಾಗೆಯೇ. ಹೀಗೆ ನಮ್ಮ ಲಕ್ಷಣಕ್ಕೆ ಅವ್ಯಾಪ್ತಿದೋಷವು ಪ್ರಾಪ್ತವಾದುದರಿಂದ ‘ಪಿನ್ನಿನ ಅಭಾವದಲ್ಲಿ’ ಎಂಬ ವಿಶೇಷಣವನ್ನು ವಾಚಕರು ಸೇರಿಸಿಕೊಳ್ಳತಕ್ಕದ್ದು. ಒಮ್ಮೆ ಹಾಕಿದುದನ್ನು ಮತ್ತೆ ಹಾಕಬಾರದೆಂದು ಮೊಮ್ಮಗನು ಉಪದೇಶಿಸುತ್ತಿರುವಂತೆಯೇ ಆಕೆಯು ಟಾರ್ಚನ್ನು ಅವನ ಕೈಗಿತ್ತು, ಬೆಳಕನ್ನು ಮೂಲೆಯ ರಾಗಿಯ ಚೀಲದ ಕಡೆಗೆ ಹಿಡಿಯಹೇಳಿ, ಎರಡು ಟ್ಯಾಗುಗಳನ್ನೂ ಒಂದಕ್ಕೊಂದು ಸೇರಿಸಿ ಚೀಲದ ಬಾಯಿಗೆ ಬಿಗಿದು, ಡಬ್ಬಿಯೊಳಗೆ ಇಂಥವು ಇನ್ನೆಷ್ಟವೆ ಎಂದು ಕೇಳಿದಳು.